ಕೀಲಿಕೈಯ ಜೊತೆಗೆ ಕಟ್ಟಡದ ನೆನಪನ್ನೂ ಪಡೆಯುವುದು ಹೇಗೆ?

ಕೆಲವು ವರ್ಷಗಳ ಹಿಂದೆ, ನಾನು ನಿರ್ವಹಣೆ ನೋಡಿಕೊಳ್ಳುತ್ತಿದ್ದ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ನಡುರಾತ್ರಿ ನೀರು ಸೋರತೊಡಗಿತು. ನಿಲ್ಲಿಸುವ ವಾಲ್ವ್ ಫಾಲ್ಸ್ ಸೀಲಿಂಗ್ ಮೇಲೆ ಎಲ್ಲೋ ಇತ್ತು. ಬೀರುವಿನಿಂದ ನಕ್ಷೆ ತೆಗೆದು ನೋಡಿದರೆ, ಅದು ತೋರಿಸಿದ ಜಾಗದಲ್ಲಿ ವಾಲ್ವ್ ಇಲ್ಲ. ನಾಲ್ಕು ಕಡೆ ಸೀಲಿಂಗ್ ಬಿಚ್ಚಿದ ಮೇಲೆ ಶೌಚಾಲಯದ ಬಾಗಿಲ ನೆತ್ತಿಯಲ್ಲಿ ಸಿಕ್ಕಿತು. ಅಷ್ಟರಲ್ಲಿ ರೋಗಿಗಳನ್ನು ಮಂಚಸಮೇತ ಕಾರಿಡಾರಿಗೆ ಸಾಗಿಸಿದ್ದೆವು.

ಪೈಪು ಎತ್ತ ತಿರುಗಿದೆ ಎಂಬುದು ಅಳವಡಿಸಿದ ಪ್ಲಂಬರನಿಗೆ ಗೊತ್ತಿತ್ತು. ಅವನು ಹೊರಟ ದಿನವೇ ಕಟ್ಟಡ ಅದನ್ನು ಮರೆಯಿತು. ಈ ಮರೆವಿಗೆ ಮದ್ದು ಬಿಮ್, ಅಂದರೆ ಕಟ್ಟಡದ ಡಿಜಿಟಲ್ ಮಾದರಿ. ಇದು ಬರೀ ಗೆರೆಗಳ ಚಿತ್ರವಲ್ಲ. ಇದರಲ್ಲಿ ಪ್ರತಿ ಪಂಪ್, ಬಾಗಿಲು, ವಾಲ್ವ್ ತನ್ನ ವಿವರವನ್ನು ತಾನೇ ಹೊತ್ತಿರುತ್ತದೆ. ಕಟ್ಟಡಗಳ ಮಾಹಿತಿ ಒಬ್ಬರಿಂದ ಒಬ್ಬರಿಗೆ ಸರಿಯಾಗಿ ದಾಟದೆ ಅಮೆರಿಕದಲ್ಲಿ ವರ್ಷಕ್ಕೆ 1,580 ಕೋಟಿ ಡಾಲರ್ ನಷ್ಟವಾಗುತ್ತಿದೆ ಎಂದು ಅಲ್ಲಿನ ಸರ್ಕಾರದ ಮಾನದಂಡ ಮತ್ತು ತಂತ್ರಜ್ಞಾನ ಸಂಸ್ಥೆ ಎನ್‌ಐಎಸ್‌ಟಿ 2004ರಲ್ಲಿ ಅಂದಾಜಿಸಿತ್ತು. ಅದರಲ್ಲಿ ಸುಮಾರು ಮೂರನೇ ಎರಡು ಪಾಲು ಬಿದ್ದದ್ದು ಮಾಲೀಕರು ಮತ್ತು ನಿರ್ವಹಣೆಯವರ ತಲೆಯ ಮೇಲೆ. ಹೊಸ ಕಟ್ಟಡದ ಕೀಲಿಕೈ ಜೊತೆಗೆ ಕೆಲಸಕ್ಕೆ ಬರುವ ಮಾದರಿಯೂ ಕೈಸೇರಬೇಕಾದರೆ ಹೀಗೆ ಮಾಡಿ.

1. ಟೆಂಡರಿಗೆ ಮೊದಲೇ ಪ್ರಶ್ನೆ ಬರೆದುಕೊಳ್ಳಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ಮಾದರಿ ಕೊಡಿ ಎಂದಷ್ಟೇ ಕೇಳಿದರೆ ಕಣ್ಣಿಗೆ ಚೆಂದದ, ಕೆಲಸಕ್ಕೆ ಬಾರದ ಫೈಲ್ ಬರುತ್ತದೆ. ಎಲೆಕ್ಟ್ರಿಷಿಯನ್, ಲಿಫ್ಟ್ ಮತ್ತು ಹವಾನಿಯಂತ್ರಣದವರನ್ನು ಕೂರಿಸಿಕೊಂಡು, ಕೆಟ್ಟಾಗ ನಿಮಗೆ ಮೊದಲು ಏನು ಗೊತ್ತಾಗಬೇಕು ಎಂದು ಕೇಳಿ. ಎಲ್ಲಿದೆ, ಹೇಗೆ ತಲುಪುವುದು, ಯಾವ ಸ್ವಿಚ್ ಆರಿಸಬೇಕು, ತಯಾರಕರು ಯಾರು, ಕ್ರಮಸಂಖ್ಯೆ ಎಷ್ಟು, ವಾರಂಟಿ ಎಂದಿಗೆ ಮುಗಿಯುತ್ತದೆ: ಬಹುತೇಕ ಯಂತ್ರಗಳಿಗೆ ಇಷ್ಟು ಸಾಕು. ಬಾಗಿಲ ತಿರುಗಣಿಯ ಸ್ಕ್ರೂ ಲೆಕ್ಕ ಬೇಡ. ತುಂಬಿದ ಮಾಹಿತಿಯನ್ನೆಲ್ಲ ಮುಂದೆ ಯಾರಾದರೂ ಕಾಪಾಡಲೇಬೇಕು. ಕಟ್ಟಡ ಬಳಕೆಗೆ ಬಂದ ಮೇಲಿನ ಹಂತದ ಮಾಹಿತಿಗೆಂದೇ ಐಎಸ್‌ಒ 19650 ಎಂಬ ಅಂತರರಾಷ್ಟ್ರೀಯ ಮಾನದಂಡದ ಮೂರನೇ ಭಾಗ 2020ರಲ್ಲಿ ಬಂದಿದೆ. ಪಟ್ಟಿ ಮಾಡುವಾಗ ಅದು ಪಕ್ಕದಲ್ಲಿರಲಿ.

2. ಕರಾರಿನಲ್ಲಿ ಫೈಲಿನ ರೂಪ ನಮೂದಿಸಿ

ಒಂದೇ ಕಂಪನಿಯ ತಂತ್ರಾಂಶದಲ್ಲಿ ಮಾತ್ರ ತೆರೆಯುವ ಫೈಲನ್ನಷ್ಟೇ ಒಪ್ಪಬೇಡಿ. ಕಟ್ಟಡ ಐವತ್ತು ವರ್ಷ ಬಾಳುತ್ತದೆ, ತಂತ್ರಾಂಶ ಅಷ್ಟು ಕಾಲ ಇರುವ ಭರವಸೆಯಿಲ್ಲ. ಬೇರೆ ಬೇರೆ ಕಂಪನಿಗಳ ತಂತ್ರಾಂಶದಲ್ಲೂ ತೆರೆಯಬಹುದಾದ ಮುಕ್ತ ರೂಪ ಐಎಫ್‌ಸಿಯಲ್ಲಿ (IFC) ಮಾದರಿ ಕೇಳಿ. ಯಂತ್ರಗಳ ಪಟ್ಟಿಯನ್ನು ಕೋಬಿ (COBie) ಎಂಬ ಕೋಷ್ಟಕ ರೂಪದಲ್ಲಿ ಕೇಳಿ. ಅಮೆರಿಕದ ಸೇನಾ ಎಂಜಿನಿಯರಿಂಗ್ ದಳದಲ್ಲಿ ರೂಪುಗೊಂಡ ಇದನ್ನು ಎಕ್ಸೆಲ್‌ನಲ್ಲಿಯೇ ತೆರೆದು ಓದಬಹುದು.

3. ಒಂದು ವಸ್ತುವಿಗೆ ಒಂದೇ ಹೆಸರು

ಮಾದರಿಯಲ್ಲಿ ‘ಪಂಪ್-03’, ಪಂಪಿನ ಮೈಮೇಲಿನ ಫಲಕದಲ್ಲಿ ‘ಬಿ-ಪಂಪ್ 3’, ವಿದ್ಯುತ್ ಪ್ಯಾನಲಿನಲ್ಲಿ ‘ಬೋರ್ ಮೋಟಾರ್’ ಎಂದಿದ್ದರೆ ರಾತ್ರಿ ಪಾಳಿಯ ಹೊಸ ಹುಡುಗ ತಪ್ಪು ಸ್ವಿಚ್ ಆರಿಸುತ್ತಾನೆ. ಮೂರೂ ಕಡೆ ಅಕ್ಷರಕ್ಕೆ ಅಕ್ಷರ ಒಂದೇ ಇರಲಿ.

4. ಸೀಲಿಂಗ್ ಮುಚ್ಚುವ ಮೊದಲು

ನಕ್ಷೆಯಲ್ಲಿದ್ದಂತೆಯೇ ಯಾವ ಕಟ್ಟಡವೂ ಏಳುವುದಿಲ್ಲ. ಅಡ್ಡ ಬಂದ ತೊಲೆಗಾಗಿ ಪೈಪು ಸರಿಯುತ್ತದೆ, ಡಕ್ಟ್ ಕೆಳಗಿಳಿಯುತ್ತದೆ. ಆದ್ದರಿಂದ ಪ್ರತಿ ಮಹಡಿಯಲ್ಲಿ ಸೀಲಿಂಗ್ ಮುಚ್ಚುವ ಮುನ್ನ ಫೋಟೊ ತೆಗೆದು ಅಥವಾ ಲೇಸರ್ ಸ್ಕ್ಯಾನ್ ಮಾಡಿ ಮಾದರಿಯನ್ನು ತಿದ್ದಿಸಿ. ತಿದ್ದುಪಡಿ ಕೈಸೇರದೆ ಆ ಮಹಡಿಯ ಬಿಲ್ ಪಾಸಾಗಕೂಡದೆಂದು ಕರಾರಿನಲ್ಲೇ ಬರೆದಿರಬೇಕು.

5. ನಡೆದು ಪರೀಕ್ಷಿಸಿ, ಆಮೇಲೆ ಜೋಡಿಸಿ

ಹಸ್ತಾಂತರದ ದಿನ ಸಭಾಂಗಣದ ಪರದೆಯ ಮುಂದೆ ಕೂರಬೇಡಿ. ಟ್ಯಾಬ್ಲೆಟ್ ಅನ್ನು ನಿಮ್ಮ ತಂತ್ರಜ್ಞನ ಕೈಗೆ ಕೊಟ್ಟು, ಮನಸ್ಸಿಗೆ ಬಂದ ಇಪ್ಪತ್ತು ವಸ್ತುಗಳನ್ನು ಹುಡುಕಿಸಿ. ಎಡವಿದಲ್ಲೆಲ್ಲ ಗುತ್ತಿಗೆದಾರರಿಂದಲೇ ಸರಿ ಮಾಡಿಸಿ. ನಂತರ ಕೋಬಿ ಪಟ್ಟಿಯನ್ನು ನಿರ್ವಹಣಾ ತಂತ್ರಾಂಶಕ್ಕೆ ಸೇರಿಸಿ, ಯಂತ್ರಗಳಿಗೆ ಕ್ಯೂಆರ್ ಕೋಡ್ ಅಂಟಿಸಿ.

ಮುಂದೆ ಗೋಡೆ ಒಡೆದರೂ ಪಂಪ್ ಬದಲಿಸಿದರೂ ಮಾದರಿಯಲ್ಲಿ ಬರೆಯುವ ಹೊಣೆ ಒಬ್ಬರದೇ ಆಗಿರಲಿ. ಎಲ್ಲರದೂ ಆದರೆ ಯಾರದೂ ಅಲ್ಲ.

ಹಳೆಯ ಕಟ್ಟಡದವರು ಕೈಚೆಲ್ಲಬೇಕಿಲ್ಲ. 1973ರಲ್ಲಿ ತೆರೆದ ಸಿಡ್ನಿ ಒಪೆರಾ ಹೌಸ್ ಕೂಡ ನಿರ್ವಹಣೆಗಾಗಿ ಡಿಜಿಟಲ್ ಮಾದರಿ ಮಾಡಿಸಿಕೊಂಡಿದೆ. ಇಡೀ ಕಟ್ಟಡವನ್ನು ಒಮ್ಮೆಗೇ ಹಿಡಿಯದೆ, ಆಪತ್ತಿನಲ್ಲಿ ಮೊದಲು ಕೈ ಹೋಗುವ ವಾಲ್ವ್ ಮತ್ತು ವಿದ್ಯುತ್ ಪ್ಯಾನಲ್‌ಗಳಿಂದ ಶುರುಮಾಡಿ. ನಮ್ಮ ಆಸ್ಪತ್ರೆಯಲ್ಲಿ ಹಾಗೆಯೇ ಮಾಡಿದೆವು. ಮಾದರಿಯಲ್ಲಿ ಮೊದಲು ದಾಖಲಾದದ್ದು ಶೌಚಾಲಯದ ಬಾಗಿಲ ಮೇಲಿನ ಆ ವಾಲ್ವ್.