ನಿಮ್ಮ ಜಗಳವನ್ನು ಎದುರಿನವರ ಬಾಯಲ್ಲಿ ಬರೆಯುವುದು ಹೇಗೆ?

ಕತೆ ಬರೆಯುತ್ತ ಬರೆಯುತ್ತ ನಮ್ಮ ಬಗ್ಗೆ ನಮಗಿರುವ ಅಂದಾಜು ಬದಲಾಗುತ್ತದೆ. ಅದು ಹೆಚ್ಚಾಗಿ ನಡೆಯುವುದು ತಿದ್ದುವಾಗ. ಬೇಕೆಂದೇ ಮಾಡಿನೋಡಲು ಒಂದು ಹಳೆಯ ಜಗಳ ಸಾಕು. ಬೆಂಗಳೂರಿನಲ್ಲಿ ಬಾಡಿಗೆಗಿದ್ದವರಾದರೆ, ಮನೆ ಖಾಲಿ ಮಾಡುವಾಗ ಪೇಂಟಿಂಗ್‌ಗೆಂದು ಓನರ್ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡದ್ದನ್ನೇ ಎತ್ತಿಕೊಳ್ಳಿ.

ಮೊದಲು ನಡೆದದ್ದನ್ನು ನಡೆದಂತೆ ಒಂದು ಪುಟ ಬರೆದು, ತಾರೀಖು ಹಾಕಿ ಎತ್ತಿಡಿ. ಮತ್ತೆ ಮತ್ತೆ ಕಲ್ಪಿಸಿಕೊಂಡದ್ದು ನಿಜಕ್ಕೂ ನಡೆದದ್ದೆನಿಸತೊಡಗುತ್ತದೆ. ಮನಶ್ಶಾಸ್ತ್ರದ ಪ್ರಯೋಗಗಳಲ್ಲಿ 1990ರ ದಶಕದಿಂದಲೂ ಇದು ಕಂಡುಬಂದಿದೆ. ಈ ಪುಟ ಇಲ್ಲದಿದ್ದರೆ, ಓನರ್ ಆಡದ ಮಾತನ್ನೂ ಆಡಿದ್ದರೆಂದು ನೀವೇ ನಂಬಿಬಿಡಬಹುದು.

ಆಮೇಲೆ ಅದರ ನಕಲಿನಲ್ಲಿ ‘ನಾನು’ ತೆಗೆದು ನಿಮ್ಮದಲ್ಲದ ಹೆಸರು ಹಾಕಿ. ಕ್ರಿಯಾಪದಗಳೂ ತಿರುಗಬೇಕು, ಹಾಗಾಗಿ ಒಂದೊಂದೇ ವಾಕ್ಯ ಕೈಯಾರೆ ತಿದ್ದಿ. ‘ತಡೆಯಲಾರದೆ ಕೂಗಿದೆ’ ಎಂದಾಗ ಸರಿಯೆನಿಸಿದ್ದು ‘ತಡೆಯಲಾರದೆ ಕೂಗಿದಳು’ ಆದ ಕೂಡಲೇ ಕಾರಣ ಕೇಳುತ್ತದೆ. ಅಂಥ ವಾಕ್ಯಗಳ ಕೆಳಗೆ ಗೆರೆ ಎಳೆಯಿರಿ. ಅಲ್ಲೆಲ್ಲ ನಿಮಗೆ ನೀವೇ ರಿಯಾಯಿತಿ ಕೊಟ್ಟುಕೊಂಡಿದ್ದೀರಿ.

ಮೂರನೆಯ ಕರಡು ಕಷ್ಟದ್ದು. ಅದೇ ಸಂಜೆಯನ್ನು ಓನರ್ ‘ನಾನು’ ಎಂದು ಹೇಳಬೇಕು, ಎರಡು ಪುಟ. ಆ ದುಡ್ಡು ಅವರಿಗೆ ಯಾವುದಕ್ಕೆ ಬೇಕಿತ್ತು, ಮನೆ ಕಟ್ಟಿಸಿದ ಸಾಲ ತೀರಿದೆಯೇ, ಖಾಲಿ ಗೋಡೆಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದೇನು ಎಂಬುದನ್ನು ಮುಂಚೆಯೇ ತೀರ್ಮಾನಿಸಿಕೊಳ್ಳಿ. ಓನರ್ ತನ್ನ ದುರಾಸೆಯನ್ನು ತಾನೇ ಒಪ್ಪಿಕೊಂಡು ಮಾತಾಡಿದರೆ ಅದು ನಿಮ್ಮದೇ ದೂರು. ಕೊನೆಗೆ ಕಣ್ಣೀರಿಟ್ಟು ಹಣ ಹಿಂದಿರುಗಿಸಿದರೆ ನಿಮ್ಮದೇ ಆಸೆ. ತನ್ನ ಲೆಕ್ಕ ಸರಿಯೆಂದು ನಂಬಿದವರು ಎರಡನ್ನೂ ಮಾಡುವುದಿಲ್ಲ. ಬಾಡಿಗೆಗಿದ್ದ ನೀವು ಅವರ ಕಣ್ಣಿಗೆ ಹೇಗೆ ಕಂಡಿರಿ ಎಂಬ ನಾಲ್ಕು ಸಾಲಿಗಾಗಿಯೇ ಇಷ್ಟೆಲ್ಲ. ಅಲ್ಲಿ ಪೆನ್ನು ನಿಂತರೆ ಹಾರಿಸಿ ಮುಂದೆ ಹೋಗಬೇಡಿ.

ಒಮ್ಮೆಗೆ 15–20 ನಿಮಿಷ ಸಾಕು. ನೋವಿನ ಅನುಭವಗಳ ಬರವಣಿಗೆ ಕುರಿತು ಮನಶ್ಶಾಸ್ತ್ರ ಸಂಶೋಧಕರಾದ ಪೆನ್ನೆಬೇಕರ್ ಮತ್ತು ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಬರೆದದ್ದು ದಿನಕ್ಕೆ 15 ನಿಮಿಷ, ನಾಲ್ಕು ದಿನ. ಬರೆದ ತಕ್ಷಣ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು, ಅನುಕೂಲ ಕಂಡದ್ದು ನಂತರದ ತಿಂಗಳುಗಳಲ್ಲಿ. ಹಾಗಾಗಿ ಮೊದಲ ದಿನದ ಕಸಿವಿಸಿಗೆ ಹೆದರಬೇಡಿ. ಇತ್ತೀಚಿನ ಸಾವು, ಹಿಂಸೆಯಂಥದ್ದನ್ನು ಮಾತ್ರ ಇದಕ್ಕೆ ಎಳೆಯಬೇಡಿ. ನಿದ್ದೆ ಕೆಡುತ್ತಿದ್ದರೆ ಬರಹ ನಿಲ್ಲಿಸಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಕರೆ ಮಾಡಿ.

ವಾರ ಬಿಟ್ಟು ಮೂರನ್ನೂ ಒಟ್ಟಿಗೆ ಓದಿ. ಪ್ರಕಟಿಸುವುದಾದರೆ ಓನರ್ ವಯಸ್ಸು, ಕಸುಬು ಬದಲಿಸಿ, ಬಸವನಗುಡಿಯ ಮನೆಯನ್ನು ಯಲಹಂಕಕ್ಕೆ ಸಾಗಿಸಿ. ಜಾಗ ಬದಲಾದರೆ ಬಾಡಿಗೆ, ನೀರು, ಬಸ್ಸು ಎಲ್ಲವನ್ನೂ ಹೊಸದಾಗಿ ಕಟ್ಟಬೇಕಾಗುತ್ತದೆ.