26ನೇ ವಯಸ್ಸಲ್ಲಿ ಬಲಕ್ಕೆ ತಿರುಗಲು ಕಲಿತೆ: ನನ್ನ ಅನುಭವ

ನಾನು ಫ್ರೀಸ್ಟೈಲ್ ಸ್ಕೀಯರ್. ಹಿಮದ ದಿಬ್ಬದಿಂದ ಜಿಗಿದು ಗಾಳಿಯಲ್ಲಿ ತಿರುಗುವುದೇ ನನ್ನ ಆಟ, ಮೊದಲಿಂದಲೂ ಎಡಕ್ಕೆ ತಿರುಗುವವನು. ಎಡಕ್ಕಾದರೆ ಡಬಲ್ ಕಾರ್ಕ್ 1260, ಅಂದರೆ ಎರಡು ಸಲ ಓರೆಯಾಗಿ ತಲೆಕೆಳಗಾಗಿ 1260 ಡಿಗ್ರಿ (ಮೂರೂವರೆ ಸುತ್ತು) ತಿರುಗುವುದನ್ನು, ಹತ್ತರಲ್ಲಿ ಎಂಟು ಸಲ ಸರಿಯಾಗಿ ಇಳಿಸುತ್ತಿದ್ದೆ. ಬಲಕ್ಕೆ ಮಾತ್ರ 720, ಅಂದರೆ ಎರಡು ಸುತ್ತು, ದಾಟಿರಲಿಲ್ಲ. ಒಂದೇ ದೊಡ್ಡ ದಿಬ್ಬದಿಂದ ಜಿಗಿಯುವ ಬಿಗ್ ಏರ್‌ನಲ್ಲಿ ಇದರಿಂದ ಎಷ್ಟು ಕಷ್ಟ ಅಂತ ನಿಮಗೆ ಗೊತ್ತೇ ಇದೆ. ಮೂರು ಜಿಗಿತದಲ್ಲಿ ಒಳ್ಳೆಯ ಎರಡನ್ನು ಕೂಡಿಸುತ್ತಾರೆ, ಆ ಎರಡೂ ಒಂದೇ ಟ್ರಿಕ್ ಆಗುವ ಹಾಗಿಲ್ಲ. ಸಾಲಾಗಿ ಹಲವು ಜಿಗಿತ ಇರುವ ಸ್ಲೋಪ್‌ಸ್ಟೈಲ್‌ನಲ್ಲೂ ಎಲ್ಲ ಕಿಕ್ಕರ್‌ನಲ್ಲಿ (ಜಿಗಿಯುವ ದಿಬ್ಬದಲ್ಲಿ) ಒಂದೇ ಕಡೆ ತಿರುಗಿದರೆ ಜಡ್ಜ್‌ಗಳು ಅಂಕ ಬಿಚ್ಚುವುದಿಲ್ಲ.

"ಎಡಗಡೆಯದನ್ನೇ ಇನ್ನೂ ದೊಡ್ಡದು ಮಾಡ್ಕೋ. ಈ ವಯಸ್ಸಲ್ಲಿ ಬಲಗಡೆ ಕಲಿಯೋಕೆ ಹೋಗಿ ಮಂಡಿ ಕಳ್ಕೋಬೇಡ" ಅಂದರು ಕೋಚ್. ಜೊತೆಯವರೂ ಹೂಂ ಅಂದರು.

2022ರ ಬೀಜಿಂಗ್ ಒಲಿಂಪಿಕ್ಸ್‌ನ ಬಿಗ್ ಏರ್ ಫೈನಲ್ ನೆನಪಿದೆ ಅಲ್ವಾ? ಸ್ಪರ್ಧೆಯಲ್ಲಿ ತಾನು ಅದುವರೆಗೆ ಇಳಿಸದಿದ್ದ ಎಡಗಡೆ ಡಬಲ್ ಕಾರ್ಕ್ 1620 ಅನ್ನು ಚೀನಾದ ಸ್ಕೀಯರ್ ಐಲೀನ್ ಗು ಕೊನೆಯ ಜಿಗಿತದಲ್ಲಿ ಹಾಕಿ ಚಿನ್ನ ಗೆದ್ದರು. ಆ ವಿಡಿಯೊ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಕೊನೆಯ ಜಿಗಿತದ ಹೊತ್ತಿಗೆ ಕೈಯಲ್ಲಿ ಇನ್ನೊಂದು ದಾರಿ ಇರಬೇಕು. ನನಗೆ ಅದು ಬೇಕಿತ್ತು.

ಮೊದಲ ವರ್ಷ ಪೂರ್ತಿ ಕೆಟ್ಟಿತು. ಬೇಸಿಗೆಯಲ್ಲಿ ಗಾಳಿ ತುಂಬಿದ ದೊಡ್ಡ ಮೆತ್ತೆ, ಅಂದರೆ ಏರ್‌ಬ್ಯಾಗ್ ಮೇಲೆ ಸುಮಾರು 300 ಜಿಗಿತ ಮಾಡಿದೆ. ಚೆನ್ನಾಗಿದೆ ಅನ್ನಿಸಿತು. ಹಿಮದ ಮೇಲೆ ಎರಡನೇ ದಿನವೇ ಮಂಡಿಯೊಳಗಿನ ಎಸಿಎಲ್ ಲಿಗಮೆಂಟ್ ಹರಿಯಿತು. ಏರ್‌ಬ್ಯಾಗ್ ಎಲ್ಲ ತಪ್ಪನ್ನೂ ಕ್ಷಮಿಸುತ್ತದೆ. ಸೊಂಟ ಹಿಂದೆ ಬಿಟ್ಟು ಇಳಿಯುವುದೇ ನನಗೆ ರೂಢಿಯಾಗಿಬಿಟ್ಟಿತ್ತು.

ಒಂಬತ್ತು ತಿಂಗಳು ಸ್ಪರ್ಧೆ ಇಲ್ಲ. ಇಂತಿಷ್ಟು ಸ್ಪರ್ಧೆಗೆ ಇಳಿದರೆ ಮಾತ್ರ ಹಣ ಅಂತ ಸ್ಪಾನ್ಸರ್ ಒಪ್ಪಂದದಲ್ಲಿ ಒಂದು ಸಾಲಿತ್ತು. ಸಹಿ ಹಾಕುವಾಗ ನಾನು ಅದನ್ನು ಗಮನಿಸಿರಲಿಲ್ಲ. ಸ್ಕೀ, ಜಾಕೆಟ್ ಬರುತ್ತಲೇ ಇದ್ದವು, ಹಣ ನಿಂತಿತು. ಬಹುಮಾನ ನಂಬಿ ಬದುಕುವಂತಿಲ್ಲ. ಪೋಡಿಯಂ ತಪ್ಪಿದರೆ ವಿಮಾನದ ಟಿಕೆಟ್‌ಗೂ ಸಾಲುವುದಿಲ್ಲ. ಓಡಾಟ ಮತ್ತು ವಿಮೆಯೇ ನನ್ನ ವರ್ಷದ ಖರ್ಚಿನಲ್ಲಿ ಮೂರರಲ್ಲಿ ಎರಡು ಪಾಲು. ಹಾಗಾಗಿ ರಾತ್ರಿ ಬೇರೆಯವರ ಸ್ಕೀಗೆ ವ್ಯಾಕ್ಸ್ ಹಾಕಿದೆ, ಎಡ್ಜ್ ಉಜ್ಜಿದೆ. ಒಂದು ರಾತ್ರಿಗೆ 12–15 ಜೊತೆ. ಮಂಡಿ ಗಟ್ಟಿಯಾದ ಮೇಲೆ ಮಕ್ಕಳಿಗೆ ಪಾಠವನ್ನೂ ಹೇಳಿದೆ. ಅರ್ಧ ಖರ್ಚು ಅದರಿಂದಲೇ ನಡೆಯಿತು.

ಎರಡನೇ ವರ್ಷ ದಾರಿ ಬದಲಿಸಿದೆ. ಎರಡು ತಿಂಗಳು ಎಡಕ್ಕೆ ತಿರುಗಲೇ ಇಲ್ಲ, ಟ್ರ್ಯಾಂಪೊಲಿನ್ ಮೇಲೂ ಇಲ್ಲ. ನನ್ನ ಎಡಗಡೆಯ 720 ವಿಡಿಯೊವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ಬಲಗಡೆಯದರ ಪಕ್ಕದಲ್ಲಿಟ್ಟು ನಿಧಾನಕ್ಕೆ ಓಡಿಸಿದೆ. ಆಗ ಸಿಕ್ಕಿತು! ಎಡಕ್ಕೆ ಹೋಗುವಾಗ ಸ್ಕೀ ತುದಿ ಕಿಕ್ಕರ್‌ನ ಅಂಚು ದಾಟುವವರೆಗೂ ನನ್ನ ಭುಜ ಕಾಯುತ್ತಿತ್ತು. ಬಲಕ್ಕೆ ಹೋಗುವಾಗ ಅರ್ಧ ಮೀಟರ್ ಮೊದಲೇ ತಿರುಗಿಬಿಡುತ್ತಿತ್ತು. ಅಲ್ಲೇ ಇಡೀ ಜಿಗಿತ ವಾಲುತ್ತಿತ್ತು.

ಎರಡು ವಾರ ಸುಮ್ನೆ ನೇರ ಜಿಗಿದೆ. ಆಮೇಲೆ ಸಣ್ಣ ಕಿಕ್ಕರ್‌ನಲ್ಲಿ ಬಲಕ್ಕೆ 180, ದಿನಕ್ಕೆ 60ರಷ್ಟು. ಆಮೇಲೆ 360. ಭುಜವನ್ನು ಹೇಗೆ ಹಿಡಿದಿಟ್ಟೆ ಅನ್ನುವುದನ್ನು ಮಾತ್ರ ಈಗ ಹೇಳುವುದಿಲ್ಲ, ಈ ಸೀಸನ್ ಮುಗಿಯಲಿ. ಏರ್‌ಬ್ಯಾಗ್ ಮೇಲೆ ಎರಡೂ ಪಾದ ಒಟ್ಟಿಗೆ ತಾಗದಿದ್ದರೆ ಆ ಜಿಗಿತ ಲೆಕ್ಕಕ್ಕಿಲ್ಲ ಅಂತ ನಿಯಮ ಹಾಕಿಕೊಂಡೆ. ಸತತ ಐದು ಸರಿ ಬಂದರೆ ಮಾತ್ರ ಹಿಮಕ್ಕೆ.

ನಡುವೆ, ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಒಂದು ಸೆಂಟಿಮೀಟರ್ ಮುಂದೆ ಸರಿಸಿ ನೋಡಿದೆ. ತಿರುಗುವುದು ಹಗುರವಾಯಿತು, ಆದರೆ ಮೆತ್ತನೆ ಹಿಮದಲ್ಲಿ ಸ್ಕೀಯ ಮೂತಿ ಹೂತುಕೊಂಡಿತು. ವಾಪಸ್ ಹಾಕಿದೆ. ಪಲ್ಟಿಗಳದೇ ಸ್ಕೀ ಸ್ಪರ್ಧೆಯಾದ ಏರಿಯಲ್ಸ್‌ನವರ ಜೊತೆ ಒಂದು ವಾರ, ಜಿಗಿದು ನೀರಿಗೆ ಬೀಳುವ ವಾಟರ್ ರ‍್ಯಾಂಪ್‌ಗೂ ಹೋಗಿದ್ದೆ. ಒದ್ದೆ ಬೂಟು ಹೊತ್ತು ಮೆಟ್ಟಿಲು ಹತ್ತಿ ಹತ್ತಿ ತೊಡೆ ಸೋತಿತು. ಲ್ಯಾಂಡಿಂಗ್ ಏನೂ ಕಲಿಯಲಿಲ್ಲ, ಆದರೆ ತಲೆಕೆಳಗಾಗುವ ಭಯ ಹೋಯಿತು. ಅದಕ್ಕೇ ಆ ವಾರ ನನಗೆ ಮುಖ್ಯ.

ಕಳೆದ ಫೆಬ್ರವರಿ ಸ್ಪರ್ಧೆಯ ಮೂರನೇ ಜಿಗಿತ. ಬಲಕ್ಕೆ ಡಬಲ್ ಕಾರ್ಕ್ 1080. ಗ್ರ್ಯಾಬ್ (ಗಾಳಿಯಲ್ಲಿ ಸ್ಕೀ ಹಿಡಿಯುವುದು) ಕೈಗೆ ಸಿಕ್ಕಿತು, ಎರಡನೇ ಸುತ್ತಿನಲ್ಲಿ ಇಳಿಜಾರು ಸ್ಪಷ್ಟವಾಗಿ ಕಂಡಿತು, ಎರಡೂ ಸ್ಕೀ ಒಂದೇ ಸದ್ದು ಮಾಡಿ ಕೂತವು. ನಾಲ್ಕನೇ ಸ್ಥಾನ. ಆ ದಿನ ಎರಡೂ ಕಡೆ ಡಬಲ್ ಇಳಿಸಿದವರಲ್ಲಿ ನಾನೇ ಹಿರಿಯವನು.

ಕಿರಿಯರಿಗೆ ತೋರಿಸಬೇಕು ಅಂತ ಕೋಚ್ ಈಗ ಆ ಕನ್ನಡಿ ವಿಡಿಯೊ ಕೇಳಿದ್ದಾರೆ. ಮುಂದಿನ ತಿಂಗಳಿಂದ ಸ್ವಿಚ್‌ನಲ್ಲಿ, ಅಂದರೆ ಹಿಮ್ಮುಖವಾಗಿ ಬಂದು ಜಿಗಿದು, ಬಲಕ್ಕೆ ಶುರು ಮಾಡುತ್ತೇನೆ. ಮತ್ತೆ 180ರಿಂದಲೇ.