ಲಕ್ಷ ಕ್ಯೂಸೆಕ್ ಅಂದ್ರೆ ಎಷ್ಟು ಮೆಟ್ಟಿಲು?

"ಲಕ್ಷ ಅಂದ್ರ ಎಷ್ಟ್ ಮೆಟ್ಲು ಬರತೈತೋ?"

2019ರ ಆಗಸ್ಟ್‌ನಲ್ಲಿ ಟಿವಿ ನೋಡುತ್ತಾ ಅವ್ವ ಕೇಳಿದ್ದು ಇಷ್ಟೇ. ತುಂಗಭದ್ರಾ ಡ್ಯಾಂನಿಂದ ಹೊಳೆಗೆ ಬಿಡುತ್ತಿರುವ ನೀರು ಲಕ್ಷ ಕ್ಯೂಸೆಕ್ ದಾಟಿದೆ, ಇನ್ನೂ ಏರುತ್ತದೆ ಅಂತ ಹೇಳುತ್ತಿದ್ದರು. ನಾನು ಡಿಗ್ರಿ ಓದಿದವನು ನೋಡಿ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್ ನೀರು ಅಂತ ವಿವರಿಸಿದೆ. "ಅದಿರ್ಲಿ, ಮೆಟ್ಲು ಎಷ್ಟ್?" ಅಂದಳು. ನನಗೆ ಗೊತ್ತಿರಲಿಲ್ಲ.

ನಮ್ಮದು ಕಂಪ್ಲಿ ಹತ್ತಿರದ ಹೊಳೆದಂಡೆ ಊರು. ಭತ್ತದ ಗದ್ದೆ, ದಂಡೆ ಮೇಲೆ ಪಂಪ್‌ಸೆಟ್. ಅವತ್ತು "ಇಲ್ಲಿತನಕ ಬರಲ್ಲ ಬಿಡು" ಅಂದುಕೊಂಡು ಮಲಗಿದೆ. ಬೆಳಿಗ್ಗೆ ಹೋಗಿ ನೋಡಿದರೆ ಮೋಟರ್ ಇರಲಿ, ಮೋಟರ್ ಕೂರಿಸಿದ್ದ ಕಟ್ಟೆಯೇ ಕಾಣಲಿಲ್ಲ. ಅದೇ ವಾರ ಮೇಲುಗಡೆ, ಹಂಪಿ ಹತ್ತಿರ ಹೊಳೆ ಸುತ್ತುವರಿದ ವಿರುಪಾಪುರ ಗಡ್ಡೆಯಲ್ಲಿ ಸಿಕ್ಕಿಕೊಂಡ ಪ್ರವಾಸಿಗರನ್ನು ಬೋಟು, ಹೆಲಿಕಾಪ್ಟರ್ ತಂದು ಬಿಡಿಸಿದರು. ನಮ್ಮೂರಲ್ಲಿ ಜೀವಕ್ಕೆ ಏನೂ ಆಗಲಿಲ್ಲ. ಆದರೆ ಹನ್ನೊಂದು ಮೋಟರ್ ಮುಳುಗಿದವು.

ಅದಕ್ಕಿಂತ ದೊಡ್ಡ ತಪ್ಪು ಆಮೇಲೆ ಮಾಡಿದೆ. ನೀರು ಇಳಿದ ಮೇಲೆ ಮೋಟರ್ ತೊಳೆದು, ಎರಡು ದಿನ ಬಿಸಿಲಿಗಿಟ್ಟು, ಸ್ವಿಚ್ ಹಾಕಿದೆ. ಗುರ್ ಅಂದಿತು, ಸುಟ್ಟ ವಾಸನೆ ಬಂತು, ಮುಗಿಯಿತು. ವೈಂಡಿಂಗ್ ಅಂಗಡಿಯವನು ಬೈದ: "ಬಿಸಿಲಿಗಿಟ್ರ ಮೇಲಿನ ನೀರು ಆರತೈತಿ, ಒಳಗಿಂದು ಆರತೈತೇನಣ್ಣ?" ಮುಳುಗಿದ ಮೋಟರನ್ನು ಬಿಚ್ಚಿ, ಬೇರಿಂಗ್‌ನಲ್ಲಿ ಕೂತ ರೇವೆ ತೆಗೆದು, ಒಳಗೆಲ್ಲ ಆರಿಸಿ, ಮೆಗ್ಗರ್ (ವೈಂಡಿಂಗ್‌ನಿಂದ ಕರೆಂಟ್ ಸೋರುತ್ತದಾ ಅಂತ ತೋರಿಸುವ ಮೀಟರ್) ಹಿಡಿದು ನೋಡಿದ ಮೇಲೇ ಕರೆಂಟ್ ಕೊಡಬೇಕಂತೆ. ಅವತ್ತೇ ಮೋಟರನ್ನು ಅಂಗಡಿಗೆ ಕೊಟ್ಟಿದ್ದರೆ ಬೇರಿಂಗ್ ಖರ್ಚಲ್ಲೇ ಮುಗಿಯುತ್ತಿತ್ತು.

ಮುಂದಿನ ಮಳೆಗಾಲದಿಂದ ಅವ್ವನ ಪ್ರಶ್ನೆಯ ಹಿಂದೆ ಬಿದ್ದೆ. ಊರ ಹನುಮಪ್ಪನ ಗುಡಿಯಿಂದ ಹೊಳೆಗೆ ಇಳಿಯುವ ಮೆಟ್ಟಿಲುಗಳೇ ನನ್ನ ಅಳತೆಗೋಲು. ಡ್ಯಾಂನಿಂದ ಹೊಳೆಗೆ ಎಷ್ಟು ಬಿಟ್ಟರು ಅಂತ ನೋಟ್‌ಬುಕ್‌ನಲ್ಲಿ ಬರೆಯುವುದು, ನೀರು ಏರುವುದು ನಿಂತ ಮೇಲೆ ಹೋಗಿ ಮೆಟ್ಟಿಲಿನ ಮೇಲೆ ಗೆರೆ ಎಳೆಯುವುದು. ಇಷ್ಟೇ ಕೆಲಸ. ಮೊದಲ ವರ್ಷ ಕೆಂಪು ಪೇಂಟ್ ಹಚ್ಚಿದೆ. ದೀಪಾವಳಿ ಹೊತ್ತಿಗೆ ಪಾಚಿ ಹತ್ತಿ ಗೆರೆ ಯಾವುದು, ಕಲ್ಲು ಯಾವುದು ಗೊತ್ತಾಗಲಿಲ್ಲ. ಆಮೇಲೆ ಕಲ್ಲು ಒಡೆಯುವವನನ್ನು ಕರೆಸಿ ಉಳಿಯಲ್ಲೇ ಹೊಡೆಸಿದೆ. ಬೆರಳಿಟ್ಟರೆ ಸಿಗುತ್ತದೆ, ಕತ್ತಲಲ್ಲೂ.

ಶುರುವಿನಲ್ಲಿ ನನ್ನ ಗೆರೆಗಳು ತಾಳೆಯಾಗುತ್ತಿರಲಿಲ್ಲ. ಯಾಕೆ ಅಂತ ತಲೆ ಕೆಡಿಸಿಕೊಂಡೆ. ನಾನು ಬರೆದುಕೊಳ್ಳುತ್ತಿದ್ದದ್ದು ಒಟ್ಟು ಹೊರಹರಿವು. ಅದರಲ್ಲಿ ಎಡದಂಡೆ, ಬಲದಂಡೆ ಕಾಲುವೆಗೆ ಹೋಗುವ ನೀರೂ ಸೇರಿರುತ್ತದೆ. ಅದು ನಮ್ಮ ಮೆಟ್ಟಿಲಿಗೆ ಬರುವುದೇ ಇಲ್ಲ ಅಲ್ವಾ? ನಮಗೆ ಬೇಕಿರುವುದು "ನದಿಗೆ" ಅಂತ ಬರೆದಿರುವ ಅಂಕಿ ಮಾತ್ರ. ಈ ಒಂದು ಪದ ತಿಳಿಯಲು ನನಗೆ ಒಂದು ಮಳೆಗಾಲ ಬೇಕಾಯಿತು. ಎಷ್ಟು ಹೊತ್ತಿಗೆ ನೀರು ಬರುತ್ತದೆ ಅನ್ನುವುದೂ ಹಾಗೇ, ಗಡಿಯಾರ ನೋಡಿಯೇ ಕಲಿತದ್ದು. ಡ್ಯಾಂ ಕೆಳಗಿನ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಅಂತ ಮಾಡಿದ್ದಾರೆ. ದೂರದ ಅಂದಾಜು ನನಗೆ ಸಿಕ್ಕಿದ್ದು ನೀರುನಾಯಿಗಳಿಂದ! ಡ್ಯಾಂನಲ್ಲಿ ಬಿಟ್ಟ ನೀರು ಬಂದು ಮುಟ್ಟಲು ಎಷ್ಟು ಹೊತ್ತು ಅಂದರೆ, ನಮ್ಮೂರ ಲೆಕ್ಕದಲ್ಲಿ ಐದಾರು ತಾಸು. ಬೇರೆ ಊರಿಗೆ ಈ ಲೆಕ್ಕ ನಡೆಯಲ್ಲ.

2022ರ ಜುಲೈನಲ್ಲಿ ಕಂಪ್ಲಿ–ಗಂಗಾವತಿ ಸೇತುವೆ ಮತ್ತೆ ಮುಳುಗಿದಾಗ ದೊಡ್ಡ ನೀರಿನ ಗೆರೆಗಳೂ ಸಿಕ್ಕವು. ಲಕ್ಷಕ್ಕೆ ಮೇಲಿನಿಂದ ಒಂಬತ್ತನೇ ಮೆಟ್ಟಿಲು. ಮೋಟರ್ ಕಟ್ಟೆ ಅದಕ್ಕಿಂತ ಕೆಳಗೆ, ಮನೆಗಳು ಎಷ್ಟೋ ಮೇಲೆ.

2024ರ ಆಗಸ್ಟ್ 10, ಶನಿವಾರ. ರಾತ್ರಿ ಹನ್ನೊಂದರ ನಂತರ ಡ್ಯಾಂನ 19ನೇ ಗೇಟಿನ ಚೈನ್ ಕಿತ್ತು, ಗೇಟೇ ಕೊಚ್ಚಿಹೋಯಿತು. ಒಂದೊಂದು ಗೇಟು 60 ಅಡಿ ಅಗಲ, 20 ಅಡಿ ಎತ್ತರ. ಡ್ಯಾಂ ತುಂಬಿ ತುಳುಕುತ್ತಿತ್ತು. ನಮ್ಮೂರ ಗ್ರೂಪಿಗೆ ಬಂದ ಮೆಸೇಜ್ ಮಾತ್ರ ಬೇರೆ: "ಡ್ಯಾಂ ಒಡೀತು, ಊರು ಬಿಡ್ರಿ." ಕೂಸುಗಳನ್ನು ಎತ್ತಿಕೊಂಡು ಹೆಂಗಸರು ಬೀದಿಗೆ ಬಂದರು. ಒಬ್ಬರು ಟ್ರಾಕ್ಟರ್‌ಗೆ ಬೀರು ಏರಿಸುತ್ತಿದ್ದರು.

ನನಗೂ ಎದೆ ಹೊಡೆದುಕೊಂಡಿತು, ಸುಳ್ಳು ಯಾಕೆ. ಜಿಲ್ಲೆಯ ವಿಪತ್ತು ಸಹಾಯವಾಣಿ 1077ಕ್ಕೆ ಫೋನ್ ಮಾಡಿದೆ, ಬ್ಯುಸಿ. ಪರಿಚಯದವರಿಗೆಲ್ಲ ಮಾಡಿದೆ. ನಸುಕಿನ ಹೊತ್ತಿಗೆ ಸರಿಯಾದ ಸುದ್ದಿ ಸಿಕ್ಕಿತು: ಒಡೆದದ್ದು ಕಟ್ಟೆಯಲ್ಲ, ಹೋದದ್ದು 33 ಗೇಟಿನಲ್ಲಿ ಒಂದು. ಅದೊಂದರಿಂದಲೇ ಸುಮಾರು 35 ಸಾವಿರ ಕ್ಯೂಸೆಕ್ ಹೋಗುತ್ತಿದೆ, ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತುತ್ತಿದ್ದಾರೆ, ಒಟ್ಟು ಲಕ್ಷದ ಹತ್ತಿರ. ಗುಡಿ ಕಟ್ಟೆ ಮೇಲೆ ನಿಂತು ಕೂಗಿ ಹೇಳಿದೆ: "ಲಕ್ಷ ಅಂದ್ರ ಒಂಬತ್ತನೇ ಮೆಟ್ಲು! ಮನಿ ಬಿಡೋದು ಬ್ಯಾಡ, ಮೋಟ್ರು ಎತ್ರಿ!" ಅವ್ವ ಮೊದಲು ಒಳಗೆ ಹೋಗಿ ಒಲೆ ಹಚ್ಚಿದಳು. ಅದನ್ನು ನೋಡಿ ಉಳಿದವರೂ ಹೊಳ್ಳಿದರು.

ಮೊದಲು ಲೈನ್‌ಮನ್‌ಗೆ ಫೋನ್ ಮಾಡಿ ದಂಡೆಯ ಟಿಸಿ (ಟ್ರಾನ್ಸ್‌ಫಾರ್ಮರ್) ಬಂದ್ ಮಾಡಿಸಿದೆವು. ಇದಾಗದೆ ಒದ್ದೆ ಕಾಲಿನಲ್ಲಿ ಸ್ಟಾರ್ಟರ್ ಹತ್ತಿರ ಹೋಗಬೇಡಿ, ಎಂಥ ಅವಸರ ಇದ್ದರೂ. ಮೋಟರ್‌ಗೆ ನಾಲ್ಕೇ ಬೋಲ್ಟ್. ಆದರೆ ತುಕ್ಕು ಹಿಡಿದ ಬೋಲ್ಟ್ ರಾತ್ರಿ ಹೊತ್ತು ಜಪ್ಪಯ್ಯ ಅಂದರೂ ತಿರುಗಲ್ಲ. ಅದಕ್ಕೇ ಮೇ ತಿಂಗಳಲ್ಲೇ ಗ್ರೀಸ್ ಹಚ್ಚಿ, ಅದೇ ಸೈಜಿನ ಪಾನಾ ಒಂದನ್ನು ಕಟ್ಟೆ ಹತ್ತಿರದ ಬೇವಿನ ಮರಕ್ಕೆ ತಂತಿಯಲ್ಲಿ ಕಟ್ಟಿ ಬಿಟ್ಟಿದ್ದೆವು. ಮೋಟರ್‌ಗೆ ಹಗ್ಗ ಬಿಗಿದು, ಬಿದಿರು ಗಳ ತೂರಿಸಿ, ನಾಲ್ಕು ಜನ ಹೆಗಲು ಕೊಟ್ಟರೆ ಒಂದಕ್ಕೆ ಕಾಲು ತಾಸು. ಹನ್ನೊಂದೂ ಬಂದವು. ನೀರು ಒಂಬತ್ತನೇ ಮೆಟ್ಟಿಲಿಗೆ ಬಂದು, ಅದರ ಮೇಲೆ ಒಂದು ಗೇಣು ಏರಿ ನಿಂತಿತು.

ಹೀಗೆ ಹೇಳಿದರೆ ಎಲ್ಲ ಸರಿಯಾಯಿತು ಅನ್ನಿಸುತ್ತದೆ. ಆಗಲಿಲ್ಲ. ನಾವೆಲ್ಲ ಹೊಳೆಯ ಕಡೆ ಮುಖ ಮಾಡಿ ನಿಂತಿದ್ದೆವು, ನೀರು ಹಿಂದಿನಿಂದ ಬಂತು. ಊರ ಹಿಂದೆ ಒಂದು ಹಳ್ಳ ಇದೆ, ಹೊಳೆ ಸೇರುತ್ತದೆ. ಹೊಳೆ ಏರಿದಾಗ ಆ ಹಳ್ಳದಲ್ಲಿ ನೀರು ಹಿಂದಕ್ಕೆ ಒತ್ತುತ್ತದೆ. ಹಳ್ಳದಾಚೆ ದೊಡ್ಡಿಯಲ್ಲಿ ಚಿಕ್ಕಪ್ಪನ ಎರಡು ಎಮ್ಮೆ, ಒಂದು ಕರು ಕಟ್ಟಿದ್ದವು. ದಾರಿ ಆಗಲೇ ಎದೆಮಟ್ಟ. ಹಗ್ಗ ಹಿಡಿದು ಮೂವರು ದಾಟಿದೆವು. ಅದನ್ನೂ ಮಾಡಬಾರದಿತ್ತು, ಇಲ್ಲಿ ಮೊಸಳೆ ಇವೆ. ಕುಣಿಕೆ ಬಿಚ್ಚಿದ್ದೇ ತಡ ಎಮ್ಮೆಗಳು ತಾವೇ ದಿಬ್ಬ ಹತ್ತಿದವು. ಕರುವಿನ ಕುಣಿಕೆ ನೆನೆದು ಬಿಗಿದಿತ್ತು. ಹಲ್ಲಿನಿಂದ ಕಚ್ಚಿ ಬಿಚ್ಚುವಷ್ಟರಲ್ಲಿ ಅದು ಸೋತು ಹೋಗಿತ್ತು. ಉಳಿಯಲಿಲ್ಲ. ಚಿಕ್ಕಪ್ಪ ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಗಸ್ಟ್ 16, 17ರಂದು ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ಗೇಟಿನ ಬದಲು ಒಂದರ ಮೇಲೊಂದು ಇಳಿಸುವ ಉಕ್ಕಿನ ತುಂಡುಗಳು) ಇಳಿಸಿ ಗೇಟು ಹೋದ ಆ ಕಿಂಡಿ ಮುಚ್ಚಿದರು. ನಮ್ಮಲ್ಲಿ ನೀರು ಇಳಿದು ಮೆಟ್ಟಿಲ ಮೇಲೆ ರೇವೆ ಉಳಿಯಿತು.

ಈಗ ನೋಟ್‌ಬುಕ್‌ನಲ್ಲಿ ಹಳ್ಳಕ್ಕೆ ಬೇರೆ ಪುಟ ಇದೆ. ಹೊಳೆಗೆ 60 ಸಾವಿರ ಬಿಟ್ಟರು ಅಂದ ಕೂಡಲೇ ಆಚೆ ದೊಡ್ಡಿಯ ದನ ಈಚೆ ಬರಬೇಕು, ಮೆಟ್ಟಿಲು ನೋಡುವಂತಿಲ್ಲ. ಮಳೆಗಾಲದಲ್ಲಿ ಸರ್ಕನೆ ಎಳೆದರೆ ಬಿಚ್ಚುವ ಜಾರುಗಂಟೇ ಹಾಕುತ್ತೇವೆ. ಹಳ್ಳದ ಕಲ್ಲಿಗೆ ಇನ್ನೂ ಎರಡು ಗೆರೆ ಹೊಡೆಸುವುದಿದೆ. ಕಲ್ಲು ಒಡೆಯುವವನು ಅಮಾವಾಸ್ಯೆ ಕಳೆದು ಬರುತ್ತೇನೆ ಅಂದಿದ್ದಾನೆ.